ಲೇಬಲ್ ಕಿತ್ತ ಡಬ್ಬಿ

ಮಾತ್ರೆಯ ಡಬ್ಬಿಗೆ ಅಂಟಿಸಿದ ಲೇಬಲ್ಲನ್ನು ಚೂರೂ ಉಳಿಯದಂತೆ ಕೀಳುವುದು ಹೇಗೆಂದು ನಿಮಗೆ ತಿಳಿಯಬೇಕಿದ್ದರೆ ನನ್ನನ್ನು ಕೇಳಿ. ಡಬ್ಬಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿಡಬೇಕು. ಉಗುರಿನಿಂದ ಒಂದು ಮೂಲೆ ಎಬ್ಬಿಸಿ, ಅವಸರ ಮಾಡದೆ ಎಳೆಯಬೇಕು. ಉಳಿದ ಅಂಟಿನ ಮೇಲೆ ಕೊಬ್ಬರಿ ಎಣ್ಣೆ ಸವರಿ ಹಳೆ ಬಟ್ಟೆಯಿಂದ ಉಜ್ಜಿದರೆ ಡಬ್ಬಿ ಏನೂ ಅರಿಯದ ಮಗುವಿನ ಹಾಗೆ ಬೆಳ್ಳಗೆ ನಿಲ್ಲುತ್ತದೆ. ಈ ವಿದ್ಯೆಯನ್ನು ನಾನು ಕಲಿತದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಗುರು ಯಾರೂ ಇರಲಿಲ್ಲ. ಕೆಟ್ಟ ಕೆಲಸಕ್ಕೆ ಬುದ್ಧಿ ತಾನಾಗಿಯೇ ಓಡುತ್ತದೆ.

ಹಾಗೆ ನೋಡಿದರೆ ಲೇಬಲ್ಲಿನ ಸಹವಾಸ ನನಗೆ ಹೊಸದಲ್ಲ. ರಾಯದುರ್ಗದಲ್ಲಿ ಮೂವತ್ತು ವರ್ಷ ಜೀನ್ಸ್ ಪ್ಯಾಂಟು ಹೊಲಿಸಿದವನು ನಾನು. ಎಂಟು ಮಿಷನ್ನಿನ ಸಣ್ಣ ಯೂನಿಟ್ಟು. ಪ್ಯಾಂಟು ಹುಟ್ಟುತ್ತಿದ್ದದ್ದು ನಮ್ಮ ಓಣಿಯಲ್ಲಿ, ಅದರ ಸೊಂಟಕ್ಕೆ ಹಚ್ಚುವ ಹೆಸರು ಮಾತ್ರ ಆರ್ಡರ್ ಕೊಟ್ಟವರ ಊರಿನಿಂದ ಕಟ್ಟುಕಟ್ಟಾಗಿ ಬರುತ್ತಿತ್ತು. ಹಾಕಿಕೊಂಡವನು ಕನ್ನಡಿಯ ಮುಂದೆ ತಿರುಗಿ ಓದಿಕೊಳ್ಳುವುದು ಆ ಹೆಸರನ್ನೇ ಹೊರತು ನಮ್ಮ ಓಣಿಯನ್ನಲ್ಲ. ಜನ ಲೇಬಲ್ಲನ್ನು ಎಷ್ಟು ನಂಬುತ್ತಾರೆ ಎಂಬುದು ನನ್ನಷ್ಟು ಯಾರಿಗೆ ಗೊತ್ತಿರಬೇಕು? ಗೊತ್ತಿದ್ದೂ ಮಾಡಿದೆ. ಮೂವತ್ತು ವರ್ಷ ಲೇಬಲ್ ಹಚ್ಚಿದ ಕೈ, ಒಂದು ಕಿತ್ತರೆ ಏನು ಮುಳುಗಿಹೋದೀತು ಅಂದುಕೊಂಡಿತು.

ಆ ಮೂವತ್ತು ವರ್ಷ ಬಂಡಲ್ ಕಟ್ಟಲು ಕುಕ್ಕರಗಾಲಲ್ಲಿ ಕೂತು ಎದ್ದು ಮಾಡಿದ್ದರ ಫಲವಾಗಿ ನನ್ನ ಎರಡೂ ಮೊಣಕಾಲು ಮಾತಾಡಲು ಶುರುಮಾಡಿದವು. ಏಳುವಾಗ ಒಂದು ಮಾತು, ಕೂರುವಾಗ ಇನ್ನೊಂದು. ಬಳ್ಳಾರಿಯ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ದೊಡ್ಡ ಹೆಸರಿನ ಮಾತ್ರೆ ಬರೆದರು. ಕಾಂಡ್ರಾಯ್ಟಿನ್.

"ಎಲುಬಿಗೂ ಎಲುಬಿಗೂ ನಡುವ ಒಂದು ಮೆತ್ತನ್ನ ಗಾದಿ ಇರ್ತೈತ್ರಿ. ನಿಮ್ದು ಸವದೈತಿ. ಇದನ್ನ ಮೂರು ತಿಂಗಳು ತಗೊಂಡು ನೋಡ್ರಿ. ಕೆಲವ್ರಿಗೆ ನೋವು ಕಮ್ಮಿ ಆಗ್ತೈತಿ. ಕೆಲವ್ರಿಗೆ ಏನೂ ಆಗಂಗಿಲ್ಲ."

"ಮತ್ತ ಯಾಕ ಬರೀತೀರಿ ಡಾಕ್ಟ್ರೆ?"

"ಅಪಾಯ ಕಮ್ಮಿ ಅದಕ್ಕ. ರಕ್ತ ತೆಳುವಾಗೋ ಮಾತ್ರಿ ತಗೊಳ್ಳೋರು ನಮ್ಮನ್ನ ಕೇಳಿ ತಗೋಬೇಕು, ಕೆಲವ್ರಿಗೆ ಹೊಟ್ಟಿ ಕೆಡತೈತಿ, ಅಷ್ಟ. ನಿಮಗ ಆಸಿ ಇದ್ರ ತಗೊಳ್ರಿ."

ಪ್ರಾಮಾಣಿಕ ಮನುಷ್ಯ. ನಾನು ಆಮೇಲೆ ಫೋನಿನಲ್ಲಿ ಗಂಟೆಗಟ್ಟಲೆ ಓದಿ ತಿಳಿದದ್ದೂ ಇದಕ್ಕಿಂತ ಹೆಚ್ಚೇನಲ್ಲ. ನಮ್ಮ ಕೀಲುಗಳ ಮೆದು ಎಲುಬಿನಲ್ಲಿ ಈ ವಸ್ತು ಹುಟ್ಟಿನಿಂದಲೇ ಇರುತ್ತದಂತೆ. ನೀರನ್ನು ಹಿಡಿದಿಟ್ಟುಕೊಂಡು, ಹೆಜ್ಜೆ ಇಟ್ಟಾಗ ಕುಗ್ಗಿ, ಎತ್ತಿದಾಗ ಉಬ್ಬುವುದು ಅದರ ಕೆಲಸ. ವಯಸ್ಸಾದ ಮೇಲೆ ಅದು ಕಡಿಮೆಯಾಗುತ್ತದೆ, ಹೊರಗಿನಿಂದ ನುಂಗಿ ತುಂಬಿಸಿಕೊಳ್ಳೋಣ ಎಂಬುದು ಮಾತ್ರೆಯ ಲೆಕ್ಕಾಚಾರ. ಆದರೆ ನುಂಗಿದ್ದು ಹೊಟ್ಟೆಯನ್ನು ದಾಟಿ ಮೊಣಕಾಲಿನ ಅಡ್ರೆಸ್ ಹುಡುಕಿಕೊಂಡು ಹೋಗುತ್ತದೆಯೇ ಎಂಬುದರಲ್ಲಿ ಬಲ್ಲವರಿಗೇ ಒಮ್ಮತವಿಲ್ಲ. ಸ್ವಲ್ಪ ನೋವು ತಗ್ಗುತ್ತದೆ ಎಂದು ಕೆಲವರು, ಒಳಗೆ ಮದ್ದೇ ಇಲ್ಲದ ಹುಸಿ ಮಾತ್ರೆ ಕೊಟ್ಟರೂ ಅಷ್ಟೇ ತಗ್ಗುತ್ತದೆ ಎಂದು ಇನ್ನು ಕೆಲವರು. ಗ್ರೀಕರ ಮಾತಿನಲ್ಲಿ ಈ ಹೆಸರಿನ ಬೇರಿಗೆ ಕಾಳು, ನುಚ್ಚು ಎಂಬ ಅರ್ಥವೂ ಇದೆಯಂತೆ. ಅದನ್ನು ಓದಿದಾಗ ನನಗೆ ಸಮಾಧಾನವಾಯಿತು. ನುಚ್ಚು ತಿಂದೇ ಬೆಳೆದವರು ನಾವು.

ಆ ಸಮಾಧಾನ ಡಬ್ಬಿಯನ್ನು ತಿರುಗಿಸುವವರೆಗೆ ಮಾತ್ರ. ಮುಂದುಗಡೆ ಬೆಟ್ಟದ ಮೇಲೆ ಓಡುತ್ತಿರುವ ಬಿಳಿ ಕೂದಲಿನ ಗಂಡಸಿನ ಚಿತ್ರವಿತ್ತು. ಹಿಂದುಗಡೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದಲ್ಲ, ಆ ಜಾಗದಲ್ಲಿ ಕಂದು ಗುರುತು. ಮಾಂಸಾಹಾರ! ಭೂತಗನ್ನಡಿ ಹಿಡಿದು ಸಣ್ಣಕ್ಷರ ಓದಿದೆ. ಪ್ರಾಣಿಮೂಲದ್ದು ಎಂದಿತ್ತೇ ಹೊರತು ಯಾವ ಪ್ರಾಣಿ ಎಂದಿರಲಿಲ್ಲ. ದನ, ಹಂದಿ, ಕೋಳಿ, ಶಾರ್ಕ್ ಮೀನು, ಇವುಗಳಲ್ಲಿ ಯಾವುದರ ಮೆದು ಎಲುಬಿನಿಂದಲಾದರೂ ತೆಗೆಯಬಹುದಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ತಲೆಮಾರುಗಳಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದ ನಾನು ಅಂದು ಕುರ್ಚಿಯ ಮೇಲೆ ಕೂತು ಆ ನಾಲ್ಕು ಪ್ರಾಣಿಗಳಲ್ಲಿ ಯಾವುದು ಹೆಚ್ಚು ಮರ್ಯಾದಸ್ಥ ಎಂದು ಯೋಚಿಸಿದೆ. ಕೊನೆಗೆ ಮೀನನ್ನು ಆರಿಸಿಕೊಂಡೆ. ನೋಡಿಲ್ಲದ ಸಮುದ್ರದ, ನೋಡಿಲ್ಲದ ಮೀನು. ಔಷಧಿ ಊಟವಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ನುಂಗಿದೆ. ಮೂರು ತಿಂಗಳು ನುಂಗಿದೆ. ಮೊಣಕಾಲುಗಳು ತಮ್ಮ ಮಾತು ನಿಲ್ಲಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗೆಯ ಕಥೆಯಾಗುತ್ತಿತ್ತು. ಆದರೆ ನನಗೊಬ್ಬ ಅಕ್ಕ ಇದ್ದಾಳೆ.

ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. ನನಗೆ ಉಣಿಸಿದವಳು, ಬೈದವಳು, ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ. ಮಡಕಶಿರದ ಹುಣಸೆಹಣ್ಣಿನ ವ್ಯಾಪಾರಿಯ ಮನೆಗೆ ಅವಳನ್ನು ಕೊಟ್ಟು ಐವತ್ತು ವರ್ಷ ಹತ್ತಿರ ಬಂತು. ಅವಳ ಬಾಯಲ್ಲಿದ್ದ ನಮ್ಮೂರಿನ 'ಐತಿ' ಎಂದೋ ಆ ಕಡೆಯ 'ಐತೆ' ಆಗಿಹೋಗಿದೆ. ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಆಮೇಲೆ ಮಡಕಶಿರ. ಆಂಧ್ರದ ಒಂದೂರಿಂದ ಇನ್ನೊಂದೂರಿಗೆ ಹೋಗಲು ನಡುವೆ ಒಂದಿಷ್ಟು ಕರ್ನಾಟಕವನ್ನು ದಾಟಬೇಕು. ಈಗಂತೂ ಜಿಲ್ಲೆಯನ್ನೂ ಎರಡು ಮಾಡಿ ಅಕ್ಕನನ್ನು ಒಂದು ಕಡೆ, ತಮ್ಮನನ್ನು ಒಂದು ಕಡೆ ಹಾಕಿದ್ದಾರೆ.

ಅಕ್ಕ ಓದುವವಳು. ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದಿಯೇ ಬಿಸಾಡುತ್ತಾಳೆ. ಆ ಮನೆಗೆ ಬಿಸ್ಕತ್ತಾಗಲಿ ಐಸ್‌ಕ್ರೀಮಾಗಲಿ ಬಂದರೆ ಅವಳು ಕನ್ನಡಕ ಹಾಕಿಕೊಂಡು ಹಸಿರು ಚುಕ್ಕೆ ನೋಡಿದ ಮೇಲೇ ಮೊಮ್ಮಕ್ಕಳ ಕೈಗೆ ಹೋಗುವುದು. ಬೆಳಿಗ್ಗೆ ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಚಕ್ಕಂಬಕ್ಕಲ ಹಾಕಿ ಕೂತರೆ ಮುಕ್ಕಾಲು ಗಂಟೆ ಏಳುವವಳಲ್ಲ. ಹಾಗೆ ಕೂರುವುದೇ ಆಗದಂತಾಯಿತು ಕಳೆದ ವರ್ಷದ ಹಿಂದಿನ ವರ್ಷ. ಮೊಣಕಾಲು ಊದಿಕೊಂಡು ಮಡಚಲು ಬಾರದು. ಮಗ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ದೇವರ ಕೋಣೆಯಲ್ಲಿ ಹಾಕಿದ. ನಾನು ಹೋದಾಗ ಆ ಕುರ್ಚಿಯ ಮೇಲೆ ಹೂಬುಟ್ಟಿ ಇತ್ತು, ಅಕ್ಕ ಗೋಡೆಗೆ ಒರಗಿ ಒಂದು ಕಾಲು ಚಾಚಿ ಕೂತಿದ್ದಳು.

"ಕಾಲು ಇಳೇ ಬಿಟ್ಕಂಡು ಪೂಜೆ ಮಾಡಾದು ಅಂದ್ರೆ ಬಸ್ ಸ್ಟ್ಯಾಂಡಲ್ಲಿ ಕುಂತಂಗೆ ಆಗ್ತೈತೆ ಕಣಪ್ಪ," ಅಂದಳು. ನಕ್ಕಳು. ಆಮೇಲೆ ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಕ್ಕ ಅತ್ತದ್ದನ್ನು ನಾನು ಅವ್ವ ಹೋದ ದಿನ ನೋಡಿದ್ದು, ಆಮೇಲೆ ಅಂದೇ. ನನ್ನ ಬುದ್ಧಿ ಕೆಟ್ಟದ್ದು ಆ ಗಳಿಗೆಯಲ್ಲಿ.

ಊರಿಗೆ ಬಂದವನೇ ಹೊಸ ಡಬ್ಬಿ ಕೊಂಡು, ಬಿಸಿನೀರಿನಲ್ಲಿ ನೆನೆಸಿ, ಲೇಬಲ್ ಕಿತ್ತೆ. ನನಗೆ ನಾಟದ ಮಾತ್ರೆ ಅವಳಿಗೆ ನಾಟಿದರೂ ನಾಟಬಹುದು, ಡಾಕ್ಟರೇ ಹೇಳಿದ್ದಾರಲ್ಲ, ಕೆಲವರಿಗೆ ಆಗುತ್ತದೆ ಎಂದು. ಮಡಕಶಿರಕ್ಕೆ ಒಯ್ದು ಅಕ್ಕನ ಕೈಯಲ್ಲಿಟ್ಟೆ. ಅವಳು ಮುಚ್ಚಳ ತೆಗೆದು ಮೂಸಿದಳು.

"ಇದೇನಪ್ಪ, ಯಾವ್ದಾದ್ರೂ ಬೇರಿಂದಾ?"

"ಹ್ಞೂ," ಅಂದೆ.

ಅಷ್ಟೇ. ಸುಳ್ಳು ಹೇಳುವವರು ಎಷ್ಟೆಲ್ಲ ಕಷ್ಟಪಡುತ್ತಾರೆ, ಕಥೆ ಕಟ್ಟುತ್ತಾರೆ, ಆಣೆ ಹಾಕುತ್ತಾರೆ. ನನಗೆ ಅಷ್ಟೆಲ್ಲ ಬೇಕಾಗಲಿಲ್ಲ. ಬಾಯಿ ಕೂಡ ತೆರೆಯದೆ, ಮೂಗಿನಿಂದಲೇ ಮುಗಿಸಿಬಿಟ್ಟೆ.

ಎರಡು ತಿಂಗಳಿಗೆ ಅಕ್ಕನ ಫೋನು. ನೋವು ಇಳಿದಿದೆ, ಮೊಣಕಾಲು ಮಡಚಲು ಬರುತ್ತಿದೆ, ನೆಲದ ಮೇಲೆ ಕೂತು ಪೂಜೆ ಮಾಡಿದೆ ಅಂದಳು. ಕುರ್ಚಿ ಅಂಗಳಕ್ಕೆ ಹೋಗಿ ಹುಣಸೆಹಣ್ಣು ತೂಗುವವರು ಕೂರುವ ಜಾಗವಾಯಿತು. ಶ್ರಾವಣದಲ್ಲಿ ಅವಳು ಓಣಿಯ ಹೆಂಗಸರ ಜೊತೆ ಆಟೋ ಮಾಡಿಕೊಂಡು ರತ್ನಗಿರಿಗೆ ಹೋಗಿ, ಕೋಟೆಯ ಬೆಟ್ಟವನ್ನು ಅರ್ಧ ಹತ್ತಿ, ಅಲ್ಲಿಂದಲೇ ನನಗೆ ಫೋನ್ ಮಾಡಿ ಏದುಸಿರಿನಲ್ಲಿ ನಕ್ಕಳು. ಲೇಬಲ್ಲಿನ ಮೇಲಿನ ಬಿಳಿ ಕೂದಲಿನ ಗಂಡಸು ನೆನಪಾದ. ಅವನ ಜಾಗದಲ್ಲಿ ನನ್ನ ಅಕ್ಕ ಇದ್ದಳು. ಖುಷಿಯಾಯಿತು. ಬಹಳ ಖುಷಿಯಾಯಿತು ಎಂದು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ.

ಆ ಖುಷಿಯಲ್ಲೇ ದಸರೆಗೆ ಹೋದೆ. ಬೆಳಿಗ್ಗೆ ಅವಳ ಪೂಜೆ ಮುಗಿಯುವುದನ್ನು ಕಾಯುತ್ತ ಹೊಸ್ತಿಲ ಹತ್ತಿರ ಕೂತಿದ್ದೆ. ಅಂಗೈಯ ಲಿಂಗಕ್ಕೆ ವಿಭೂತಿ ಹಚ್ಚಿ ಬಿಲ್ವಪತ್ರೆ ಏರಿಸಿದಳು. ನಮ್ಮಲ್ಲಿ ನಿಷ್ಠೆಯವರು ಲಿಂಗಕ್ಕೆ ಕೊಡದೆ ತಾವು ಏನನ್ನೂ ಬಾಯಿಗಿಡುವುದಿಲ್ಲ. ಗುಟುಕು ನೀರಾದರೂ ಮೊದಲು ಅದಕ್ಕೆ, ಆಮೇಲೆ ತಮಗೆ. ನಾನು ಈ ಪದ್ಧತಿಯನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಹಾಗಾಗಿ ನನಗೆ ಅದು ನೆನಪೇ ಇರಲಿಲ್ಲ. ಅಕ್ಕ ಪಕ್ಕದಲ್ಲಿದ್ದ ಬಿಳಿ ಡಬ್ಬಿಯಿಂದ ಒಂದು ಮಾತ್ರೆ ತೆಗೆದು, ಲಿಂಗಕ್ಕೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡಳು.

ನಾನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದುದನ್ನು ಕಂಡು ನಕ್ಕಳು. "ಮೊದ್ಲು ಅವನಿಗೆ, ಆಮ್ಯಾಲೆ ನಂಗೆ. ಅವನ ಮೊಣಕಾಲೂ ಗಟ್ಟಿಯಾಗಿರ್ಲಿ ಬಿಡು."

ಆಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳು ಎರಡೂ ಕೈ ನೆಲಕ್ಕೆ ಊರದೆ, ಯಾರನ್ನೂ ಕರೆಯದೆ, ತಾನಾಗಿಯೇ ಎದ್ದು ನಿಂತಳು. ಎದ್ದು ನಿಂತ ಆ ಕಾಲುಗಳ ಮುಂದೆ ನನ್ನ ಬಾಯಿ ಕಟ್ಟಿಹೋಯಿತು. ಊರಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ನನಗೆ ನಾನೇ ವಕೀಲನೂ ಜಡ್ಜೂ ಆದೆ. ಗೊತ್ತಿಲ್ಲದವಳಿಗೆ ಪಾಪವಿಲ್ಲ. ನೋವಿಲ್ಲದೆ ಪೂಜೆ ಮಾಡುವುದು ಒಳ್ಳೆಯದಲ್ಲವೇ? ಶಿವನಿಗೆ ಎಲ್ಲವೂ ಒಂದೇ. ಹೀಗೆ ಶಿವನ ಪರವಾಗಿ ನಾನೇ ಸಹಿ ಹಾಕಿದೆ. ಮುಂದಿನ ಡಬ್ಬಿಯನ್ನೂ ಬಿಸಿನೀರಿಗೆ ಹಾಕಿದೆ, ಅದರ ಮುಂದಿನದನ್ನೂ.

ಹೆಚ್ಚುಕಡಿಮೆ ಒಂದು ವರ್ಷ ಹೀಗೆ ನಡೆಯಿತು. ನನ್ನನ್ನು ಹಿಡಿದುಕೊಟ್ಟದ್ದು ಜ್ವರ. ಎದ್ದು ಕೂರಲಾಗದೆ ಹಾಸಿಗೆ ಹಿಡಿದಿದ್ದಾಗ ಅಕ್ಕನ ಮಾತ್ರೆ ಮುಗಿಯಿತು. ನನ್ನ ಹೆಂಡತಿ ಗಿರಿಜಾ ತಾನೇ ಮೆಡಿಕಲ್ ಶಾಪಿಗೆ ಹೋಗಿ, ಡಬ್ಬಿ ತಂದು, ಆ ಕಡೆ ಹೊರಟಿದ್ದ ನೆಂಟರ ಕೈಯಲ್ಲಿ ಕೊಟ್ಟು ಕಳಿಸಿದಳು. ಒಳ್ಳೆಯ ಕೆಲಸ ಮಾಡಿದೆನೆಂದು ನನ್ನ ಹಣೆ ಮುಟ್ಟಿ ಹೇಳಿಯೂ ಹೇಳಿದಳು. ನಾನು ದಿಗ್ಗನೆ ಎದ್ದು ಕೂತದ್ದನ್ನು ನೋಡಿ ಜ್ವರ ತಲೆಗೇರಿತೆಂದು ಹೆದರಿದಳು. ವಿಷಯ ತಿಳಿದ ಮೇಲೆ ಸಿಟ್ಟಾದಳು.

"ನನಗೇನ್ ಗೊತ್ರಿ? ಇದ್ದಂಗ ಕಟ್ಟಿ ಕಳಿಸೀನಿ. ಅಕ್ಕಗ ಕೊಡೋದನ್ನ ಮುಚ್ಚಿ ಕೊಡ್ತೀರಿ ಅಂತ ನಾನು ಕನಸು ಕಾಣ್ಲೇನು?"

ಮರುದಿನ ಅಕ್ಕನ ಫೋನು ಬಂತು.

"ಡಬ್ಬಿ ಬಂತು ಕಣಪ್ಪ. ಇದ್ರ ಮ್ಯಾಲೆ ಕಂದು ಗುರ್ತು ಐತಲ್ಲ. ಅಂಗ್ಡಿಯೋನು ಎಲ್ಲೋ ಬೇರೆದು ಕೊಟ್ಟವ್ನೆ, ವಾಪಸ್ ಮಾಡಾಕೆ ಹೇಳು ಗಿರಿಜಾಗೆ."

ನೋಡಿ, ಕಣ್ಣಾರೆ ಕಂಡ ಮೇಲೂ ಅವಳಿಗೆ ನನ್ನ ಮೇಲೆ ಅನುಮಾನ ಹುಟ್ಟಲಿಲ್ಲ. ಮುಖ ನೋಡಿಲ್ಲದ ಅಂಗಡಿಯವನನ್ನು ತಪ್ಪಿತಸ್ಥನನ್ನಾಗಿ ಮಾಡಿ ನನ್ನನ್ನು ಬಿಟ್ಟುಬಿಟ್ಟಿದ್ದಳು. ಇನ್ನೊಂದು 'ಹ್ಞೂ' ಸಾಕಿತ್ತು. ಅದು ಬರಲಿಲ್ಲ. ಆ ಕಡೆ ಹುಣಸೆಹಣ್ಣು ಕುಟ್ಟುವ ಸದ್ದು ಕೇಳುತ್ತಿತ್ತು.

"ಮೊದ್ಲಿಂದಾನೂ ಇದೇನಾ?" ಅಂದಳು.

"ಹೌದಕ್ಕ."

ಫೋನು ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ.

ಜ್ವರ ಬಿಟ್ಟ ಮೇಲೆ ಹೋದೆ. ಬಾಗಿಲಲ್ಲಿ ನಿಂತವನನ್ನು ಎಂದಿನಂತೆ ಬಾರಪ್ಪ ಅಂದಳು, ಕಾಲಿಗೆ ನೀರು ಕೊಟ್ಟಳು, ಸೊರಗಿದ್ದೀಯ ಅಂದಳು. ದೇವರ ಕೋಣೆಯ ಕಡೆ ನೋಡಿದೆ. ಪ್ಲಾಸ್ಟಿಕ್ ಕುರ್ಚಿ ಒಳಗೆ ಬಂದಿತ್ತು, ಈ ಸಲ ಅದರ ಮೇಲೆ ಹೂಬುಟ್ಟಿ ಇರಲಿಲ್ಲ. ನಾನು ತಪ್ಪಾಯಿತು ಅಂದೆ. ನೀನು ಅತ್ತದ್ದು ನೋಡಲಾಗದೆ ಹಾಗೆ ಮಾಡಿದೆ ಅಂದೆ. ಅವಳು ನನ್ನ ತಟ್ಟೆಗೆ ಮುದ್ದೆ ಇಡುತ್ತಾ ನಿಧಾನವಾಗಿ ಮಾತಾಡಿದಳು.

"ಮಠದ ಅಯ್ನೋರನ್ನ ಕೇಳ್ದೆ. ತಿಳೀದೇ ಆಗಿದ್ದು, ದೋಷ ಇಲ್ಲ, ಒಂದು ಸೋಮ್ವಾರ ಉಪವಾಸ ಇರು ಅಂದ್ರು. ನಂಗೆ ಗೊತ್ತಿರ್ಲಿಲ್ಲ, ಅದ್ಕೆ ನಂಗೆ ದೋಷ ಇಲ್ವಂತೆ." ಸಾರಿನ ಸೌಟು ಎತ್ತಿ ನಿಲ್ಲಿಸಿದಳು. "ನಿಂಗೆ ಗೊತ್ತಿತ್ತಲ್ಲಪ್ಪ."

ನಾನು ತಟ್ಟೆ ನೋಡಿದೆ.

"ಬಿಸ್ಕತ್ತು ಓದ್ತೀನಿ, ಸೋಪಿನ ಪುಡಿ ಓದ್ತೀನಿ. ನೀನು ಕೊಟ್ಟಿದ್ದು ಅಂತ ಇದನ್ನ ಓದ್ಲಿಲ್ಲ. ಬರೀ ಡಬ್ಬಿ ಯಾಕೆ ಅಂತಾನೂ ಕೇಳ್ಲಿಲ್ಲ." ಅಷ್ಟು ಹೇಳಿ ಸಾರು ಹಾಕಿದಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಅವಳು ಬಡಿಸಿದ್ದನ್ನು ಇದೇನು, ಯಾವುದರಿಂದ ಮಾಡಿದ್ದು ಎಂದು ನಾನು ಹುಟ್ಟಿದಾರಭ್ಯ ಕೇಳಿದವನಲ್ಲ.

ನೋವು ವಾಪಸು ಬಂದಿತ್ತು. ಯಾವಾಗ ಬಂತು ಎಂದು ಭಾವನನ್ನು ಕೇಳಿದರೆ, ಡಬ್ಬಿ ಬಂದ ಆ ವಾರವೇ ಅಂದರು. ಬಳ್ಳಾರಿಯ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ತಲೆ ಆಡಿಸಿದರು. ಈ ಮಾತ್ರೆ ನಾಟುವವರಿಗೂ ನಿಧಾನವಾಗಿ ನಾಟುತ್ತದಂತೆ, ಬಿಟ್ಟರೂ ಅದರ ಗುಣ ನಿಧಾನವಾಗಿಯೇ ಇಳಿಯುತ್ತದಂತೆ, ಒಂದೇ ವಾರದಲ್ಲಿ ಹೀಗೆ ಕಾಲು ಹಿಡಿಯುವುದು ಮಾತ್ರೆಯ ಲೆಕ್ಕಕ್ಕೆ ಕೂರುವುದಿಲ್ಲವಂತೆ. ಹಾಗಾದರೆ ಇದೇನ್ರಿ ಎಂದರೆ ಪೆನ್ನಿನ ಮುಚ್ಚಳ ಹಾಕಿ, "ಅದು ನನ್ನ ಪುಸ್ತಕದಾಗ ಇಲ್ರಿ," ಅಂದರು.

ನನ್ನ ಪುಸ್ತಕದಲ್ಲಿದೆ. ಒಂದೇ ಅಂಗಡಿಯ, ಒಂದೇ ಹೆಸರಿನ ಮಾತ್ರೆ ಇಬ್ಬರೂ ನುಂಗಿದೆವು. ನನಗೆ ಕೊಟ್ಟವರು ಡಾಕ್ಟರು, ಕೆಲವರಿಗೆ ಏನೂ ಆಗುವುದಿಲ್ಲ ಎಂಬ ಎಚ್ಚರಿಕೆಯ ಸಮೇತ ಕೊಟ್ಟರು. ಅವಳಿಗೆ ಕೊಟ್ಟವನು ತಮ್ಮ. ಯಾವ ಪ್ರಾಣಿಯದೋ ಎಲುಬಿನ ಪುಡಿಯ ಜೊತೆ ಅವಳು ದಿನಾ ಬೆಳಿಗ್ಗೆ ನುಂಗುತ್ತಿದ್ದದ್ದು ಇನ್ನೇನನ್ನೋ, ಕೆಲಸ ಮಾಡಿದ್ದು ಅದು. ಒಂದು ವರ್ಷ ನಾನು ಮೀನೋ ಕೋಳಿಯೋ ಎಂದು ಕೊರಗುತ್ತಿದ್ದೆ. ಆ ಮಾತ್ರೆಯಲ್ಲಿ ಸವೆದುಹೋಗುವಂಥ ವಸ್ತು ಬೇರೆಯೇ ಇತ್ತು, ಅದನ್ನು ಯಾವ ಲೇಬಲ್ಲಿನಲ್ಲೂ ಅಚ್ಚು ಹಾಕಿರಲಿಲ್ಲ. ಈಗ ಅದನ್ನು ಯಾವ ಅಂಗಡಿಯಲ್ಲಿ ಕೇಳಲಿ? ಪಾಚಿಯಿಂದ ಮಾಡಿದ, ಹಸಿರು ಗುರುತಿನ ಮಾತ್ರೆಗಳೂ ಸಿಗುತ್ತವೆ ಎಂದು ಫೋನಿನಲ್ಲಿ ಓದಿದೆ. ಅಕ್ಕನಿಗೆ ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಮಳೆ ಬೆಳೆಯ ಮಾತಾಡಿ ಮುಚ್ಚಿದೆ.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಬರಿಗೈಲಿ ಹೋಗುವ ಅಭ್ಯಾಸ ನಮ್ಮಲ್ಲಿಲ್ಲ, ಆದರೆ ಲೇಬಲ್ ಇರುವ ಯಾವುದನ್ನೂ ಕೊಂಡೊಯ್ಯುವ ಧೈರ್ಯವೂ ನನಗಿಲ್ಲ. ಡಬ್ಬಿಯಲ್ಲಿರುವುದು, ಪೊಟ್ಟಣದಲ್ಲಿರುವುದು, ಅಚ್ಚು ಹಾಕಿದ್ದು ಎಲ್ಲ ಬಿಟ್ಟೆ. ತೆಂಗಿನಕಾಯಿ, ಹೂವು, ಬಾಳೆಹಣ್ಣು, ಇಂಥವನ್ನು ಆರಿಸಿಕೊಳ್ಳುತ್ತೇನೆ. ಪ್ಯಾಂಟಿಗೆ ಲೇಬಲ್ ಹಚ್ಚಿ ಬದುಕಿದವನ ಕಥೆ ಕೊನೆಗೆ ಬಾಳೆಹಣ್ಣಿಗೆ ಬಂದು ನಿಂತಿತು.

ಹೋದ ವಾರವೂ ಹಾಗೆಯೇ ಒಂದು ಚಿಪ್ಪು ಬಾಳೆಹಣ್ಣು ಒಯ್ದೆ. ಅಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಪೂಜೆ ಆಗಷ್ಟೇ ಮುಗಿದಿತ್ತು. ಚೀಲವನ್ನು ಅವಳ ತೊಡೆಯ ಮೇಲಿಟ್ಟೆ. ಬಾಯಿ ಬಿಡಿಸಿ ಒಳಗೆ ಇಣುಕಿದಳು.

"ಬಾಳೆಹಣ್ಣಾ?"

"ಹ್ಞೂ," ಅಂದೆ.

ಅಕ್ಕನ ಬಲಗೈ ತಾನಾಗಿ ಗೂಡಿನಲ್ಲಿದ್ದ ಕನ್ನಡಕದ ಕಡೆ ಚಾಚಿತು. ಅರ್ಧ ದಾರಿಗೆ ಹೋದ ಮೇಲೆ ಅವಳಿಗೇ ಗೊತ್ತಾಯಿತು. ನನ್ನ ಮುಖ ನೋಡಿದಳು, ಆಮೇಲೆ ಅದೇ ಕೈಯಿಂದ ಸರಿಯಾಗಿಯೇ ಇದ್ದ ಸೆರಗನ್ನು ಸರಿಮಾಡಿಕೊಂಡಳು.